ಅರ್ಧ ಮಷೀನು ಮಾರಿದವನು

“ಇದರಾಗ ಸದ್ದು ಬರೂದಿಲ್ರಿ ಟೀಚರ್. ಆದ್ರ ನಿಮಗ ಬೇಕಾಗಿರೋದು ಇದ.”

ಶೈಲಶ್ರೀ ಕಣ್ಣು ಕಿರಿದು ಮಾಡಿ ಅಂಗಡಿಯವನನ್ನು ನೋಡಿದಳು. ಸದ್ದೇ ಬಾರದ ಸಿಡಿ ಮಷೀನನ್ನು ಇಷ್ಟು ಧೈರ್ಯವಾಗಿ ಮಾರುವ ಗಂಡಸು ಬಸವನ ಬಾಗೇವಾಡಿಯ ಪೇಟೆಯಲ್ಲಿ ಇವನೊಬ್ಬನೇ ಇರಬೇಕು!

ಕೌಂಟರ್ ಮೇಲೆ ಎರಡು ಪೆಟ್ಟಿಗೆಗಳಿದ್ದವು. ಒಂದು ಹೊಸ ಸಿಡಿ ಪ್ಲೇಯರ್. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಬಿಚ್ಚಿರಲಿಲ್ಲ. ಬಟನ್ನುಗಳು ಮಿರಿಮಿರಿ ಮಿಂಚುತ್ತಿದ್ದವು. ಇನ್ನೊಂದು ಮುಂಬೈಯಿಂದ ಬಂದ ಸೆಕೆಂಡ್ ಹ್ಯಾಂಡ್ ಮಾಲು. ಕಪ್ಪು ಬಣ್ಣ, ಕಲ್ಲಿನಂಥ ಭಾರ, ಮೇಲೊಂದು ಮುಚ್ಚಳ. ಅದಕ್ಕೆ ಅವನು ಟ್ರಾನ್ಸ್‌ಪೋರ್ಟ್ ಅನ್ನುತ್ತಿದ್ದ. ರೇಟು ಹೆಚ್ಚು ಕಡಿಮೆ ಎರಡಕ್ಕೂ ಒಂದೇ.

“ಹೊಸಾದ್ದು ಬಿಟ್ಟು ಹಳೇದು ಒಯ್ಯಿ ಅಂತೀರಿ. ಪೂರಾ ಇರೋದು ಬಿಟ್ಟು ಅರ್ಧಾ ಒಯ್ಯಿ ಅಂತೀರಿ. ನನ್ನ ಮಾರಿ ಮ್ಯಾಲೆ ಏನರ ಬರದೈತೇನ್ರಿ?”

ಅವನು ನಕ್ಕ. ಆ ನಗು ಅವಳಿಗೆ ಒಂಚೂರೂ ಹಿಡಿಸಲಿಲ್ಲ. ಚಂದ ಇತ್ತು, ಅದಕ್ಕೇ ಹಿಡಿಸಲಿಲ್ಲ.

“ಟೀಚರ್, ಸಿಡಿ ಮ್ಯಾಲೆ ಹಾಡು ಇರೂದಿಲ್ಲ, ಬರೇ ಅಂಕಿ ಇರ್ತಾವ. ಈ ಟ್ರಾನ್ಸ್‌ಪೋರ್ಟ್ ಆ ಅಂಕಿ ಓದಿ ಮುಂದ ಕೊಡ್ತೈತಿ, ಅಷ್ಟ. ಅಂಕಿನ ಹಾಡು ಮಾಡೋದು ಕನ್ವರ್ಟರ್ ಅಂತ ಬ್ಯಾರೆ ಡಬ್ಬಿ. ಪ್ಲೇಯರ್‌ನ್ಯಾಗ ಎರಡೂ ಕೂಡೇ ಇರ್ತಾವ. ನಿಮ್ಮ ಮನ್ಯಾಗ ಕನ್ವರ್ಟರ್ ಐತಿ ಅಂದ್ರೆಲ್ಲ?”

ಇತ್ತು. ಅವಳ ಅಪ್ಪ ಮಡಿವಾಳಪ್ಪ ಹತ್ತಿ ವ್ಯಾಪಾರಿ, ಆದರೆ ಜೀವವೆಲ್ಲ ಹಾಡಿನಲ್ಲಿ. ಪುಣೆಯ ಗೆಳೆಯನೊಬ್ಬ ತನ್ನ ಸೆಟ್ ಮಾರುವಾಗ ಆಂಪ್ಲಿಫೈಯರ್, ಸ್ಪೀಕರ್, ಕನ್ವರ್ಟರ್ ಎಲ್ಲವನ್ನೂ ಕೊಂಡು ತಂದಿದ್ದ. ಸಿಡಿ ಓದುವ ಮಷೀನು ಮಾತ್ರ ಕೆಟ್ಟುಹೋಗಿತ್ತು. ಈಗ ಕಾಲಿನ ಆಪರೇಶನ್ ಆಗಿ ಹಾಸಿಗೆ ಹಿಡಿದಿದ್ದರಿಂದ ಮಗಳನ್ನು ಅಂಗಡಿಗೆ ಕಳಿಸಿದ್ದ.

“ಐತಿ. ಇದ್ರ ಏನಾತು?”

“ನಿಮ್ಮ ಕನ್ವರ್ಟರ್ ಭಾಳ ಛಲೋದು. ಈ ಹೊಸ ಪ್ಲೇಯರ್‌ಗೆ ಅದರ ಕೇಬಲ್ ಹಚ್ಚಾಕ ಹಿಂದ ಜಾಗಾನ ಇಲ್ಲ. ಅದನ್ನ ಒಯ್ದ್ರ ಮನ್ಯಾಗಿನ ಒಳ್ಳೇ ಸಾಮಾನು ಮೂಲ್ಯಾಗ ಕೂಡ್ತೈತಿ. ಮನ್ಯಾಗ ರೊಟ್ಟಿ ಬಡಿಯೋ ಛಲೋ ಕೈ ಇದ್ದಾಗ ಖಾನಾವಳಿ ಡಬ್ಬಿ ಯಾಕ್ರಿ? ಹಿಟ್ಟು ಒಯ್ಯರಿ, ಸಾಕು.”

ಮಾತು ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿ ಮಾತಾಡುವವರನ್ನೇ ಅವಳು ನಂಬುತ್ತಿರಲಿಲ್ಲ!

ಹುಡುಗಿ ಹುಟ್ಟಿನಿಂದಲೇ ಹೀಗೆ ಎಂದುಕೊಳ್ಳಬೇಡಿ. ಎರಡು ವರ್ಷದ ಹಿಂದೆ, ಇಸವಿ ಎರಡು ಸಾವಿರದಲ್ಲಿ, ಸಿಂದಗಿ ಕಡೆಯ ಒಂದು ಸಂಬಂಧ ನಿಶ್ಚಯವಾಗಿತ್ತು. ಹಿರಿಯರು ವರನ ಮನೆ ನೋಡಲು ಹೋದಾಗ ದೊಡ್ಡ ಮನೆ, ಟ್ರ್ಯಾಕ್ಟರು, ಕೊಟ್ಟಿಗೆ ತುಂಬ ಎತ್ತು ತೋರಿಸಿ, ಹೋಳಿಗೆ ಊಟ ಹಾಕಿ ಕಳಿಸಿದ್ದರು. ಲಗ್ನಪತ್ರಿಕೆ ಹಂಚಿದ ಮೇಲೆ ಗೊತ್ತಾಯಿತು... ಮನೆ, ಟ್ರ್ಯಾಕ್ಟರು, ಎತ್ತು ಎಲ್ಲವೂ ಪಕ್ಕದ ಮನೆಯವರದು! ಮದುವೆ ಮುರಿದುಬಿತ್ತು. ಬಡತನಕ್ಕೆ ಅವಳು ಅಳಲಿಲ್ಲ. ಆ ಹುಡುಗ ಅಷ್ಟು ದಿನ ಅವಳ ಜೊತೆ ಫೋನಿನಲ್ಲಿ ನಕ್ಕು ಮಾತಾಡಿದ್ದನಲ್ಲ, ಒಮ್ಮೆಯೂ ಬಾಯಿ ಬಿಡಲಿಲ್ಲವಲ್ಲ, ಅದಕ್ಕೆ ಅತ್ತಳು. ಅಂದಿನಿಂದ ತರಕಾರಿ ಮಾರುವವಳ ತಕ್ಕಡಿಯನ್ನೂ ಕೆಳಗಿನಿಂದ ಬಗ್ಗಿ ನೋಡುವ ಚಾಳಿ. ಹೈಸ್ಕೂಲಿನಲ್ಲಿ ಪರೀಕ್ಷೆಯ ದಿನ ಶೈಲಶ್ರೀ ಟೀಚರ್ ಬಂದರೆಂದರೆ ಕಾಪಿ ಚೀಟಿಗಳು ತಾವಾಗಿಯೇ ಕಿಟಕಿಯಿಂದ ಹಾರುತ್ತಿದ್ದವು.

“ಸದ್ದು ಬರಲಿಲ್ಲಂದ್ರ ವಾಪಸ್ ತರ್ತೇನಿ, ನೋಡ್ರಿ!”

“ತರ್ರಿ. ನಾ ಎಲ್ಲಿಗೂ ಓಡಿ ಹೋಗೂದಿಲ್ಲ. ಸಿದ್ದಲಿಂಗ ಅಂತ ನನ್ನ ಹೆಸರು. ಊರು ಇಂಡಿ ತಾಲೂಕು, ಅಗರಖೇಡ.”

ಊರು ಯಾರು ಕೇಳಿದ್ದರು? ಅದೂ ಅವಳ ಸಂಶಯದ ಗಂಟಿಗೆ ಸೇರಿತು.

* * *

ಮರುದಿನ ಸಿದ್ದಲಿಂಗ ತಾನೇ ಮನೆಗೆ ಬಂದು ಮಷೀನು ಜೋಡಿಸಿದ. ಮುಚ್ಚಳ ತೆಗೆದು ಸಿಡಿ ಇಟ್ಟ. ಅದರ ಮೇಲೆ ಅಂಗೈಯಲ್ಲಿ ಅಡಗುವಷ್ಟು ಸಣ್ಣದೊಂದು ಕರಿ ಗುಂಡು ಕೂರಿಸಿದ. ಒಳಗೆ ಅಯಸ್ಕಾಂತವಿತ್ತು. ಟಕ್ ಎಂದು ಕಚ್ಚಿಕೊಂಡಿತು.

“ಈ ಗುಂಡು ಸಿಡಿನ ಗಟ್ಟಿ ಹಿಡೀತೈತ್ರಿ. ಇದಿಲ್ಲಂದ್ರ ಮಷೀನು ಓದೂದಿಲ್ಲ. ಕಳೀಬ್ಯಾಡ್ರಿ.”

ಮುಂದಿನ ಕ್ಷಣ ತಂಬೂರಿಯ ಶ್ರುತಿ ಮನೆಯನ್ನೆಲ್ಲ ತುಂಬಿತು. ಹಾಸಿಗೆಯಲ್ಲಿದ್ದ ಮಡಿವಾಳಪ್ಪ ಕಣ್ಣು ಮುಚ್ಚಿದ. ಹೆಂಡತಿ ತೀರಿಹೋದ ಮೇಲೆ ಅಪ್ಪನ ಮುಖ ಹೀಗೆ ಅರಳಿದ್ದನ್ನು ಶೈಲಶ್ರೀ ನೋಡಿರಲಿಲ್ಲ.

“ಏನ ಹುಡುಗಪ್ಪಾ ನೀನು! ಹಾಡೂ ಮನಶ್ಯಾ ಇಲ್ಲೇ ಕುಂತಂಗ ಐತೆಲ್ಲ!” ಮಡಿವಾಳಪ್ಪ ಅಂದ. “ಶೈಲಾ, ಚಹಾ ಮಾಡವ್ವ.”

ಚಹಾದ ಕಪ್ ಕೊಡುವಾಗ ಅವನು ಒಮ್ಮೆ ತಲೆಯೆತ್ತಿ ನೋಡಿದ. ಅವಳ ಎದೆ ಧಸಕ್ಕೆಂದಿತು. ‘ಛೀ... ಏನಾಗೈತಿ ನನಗ?’ ಎಂದು ತನ್ನನ್ನೇ ಬೈದುಕೊಂಡು ಅವಳು ಒಳಗೆ ಹೋದಳು.

ಎಲ್ಲ ಸರಿ ಇತ್ತು. ಆದರೆ ವಾರ ಕಳೆಯುವುದರೊಳಗೆ ಹಾಡು ನಡುವೆ ನಡುವೆ ಕಡಿಯತೊಡಗಿತು.

ಫೋನ್ ಹೋಯಿತು. ಸಿದ್ದಲಿಂಗ ಬಂದ. “ಕೇಬಲ್ ಸಡ್ಲ ಆಗೈತ್ರಿ ಕಾಕಾರ” ಎಂದ, ಬಿಗಿ ಮಾಡಿದ, ಅಪ್ಪನ ಜೊತೆ ಹರಟೆ ಹೊಡೆದ, ಚಹಾ ಕುಡಿದು ಹೋದ. ದುಡ್ಡು ಮುಟ್ಟಲಿಲ್ಲ. ಮುಂದಿನ ವಾರ ಮತ್ತೆ ಅದೇ ಕಥೆ. ಮತ್ತೆ ಕೇಬಲ್, ಮತ್ತೆ ಹರಟೆ, ಮತ್ತೆ ಚಹಾ!

‘ಹೊಸ ಕೇಬಲ್ ಅದೆಂಗ ದರ ವಾರ ಸಡ್ಲ ಆಗ್ತೈತಿ?’

ಅವಳು ಕಾಪಿ ಹಿಡಿಯುವ ಟೀಚರ್. ಮೂರನೆಯ ಸಲ ಅವನು ಬಂದಾಗ ಬಾಗಿಲಲ್ಲಿ ನಿಂತು ಎದುರಿನ ಕಪಾಟಿನ ಗಾಜಿನಲ್ಲಿ ಅವನ ಕೈಯನ್ನೇ ನೋಡಿದಳು. ಕೇಬಲ್ ಬಿಗಿ ಮಾಡಿದ. ಹಾಡು ಸರಿಯಾಯಿತು. ಏಳುವ ಮೊದಲು... ಎರಡು ಬೆರಳಿನಿಂದ ಅದನ್ನೇ ಒಂದಿಷ್ಟು ಸಡಿಲಿಸಿದ!

ಸಿಕ್ಕಿಬಿದ್ದ ಕಳ್ಳ! ಆಗಲೇ ಕೂಗಬೇಕಿತ್ತು ಅಲ್ಲವೇ? ಅವಳು ಕೂಗಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ‘ಇನ್ನೊಂದ ಸಲ ನೋಡೋಣ, ಪಕ್ಕಾ ಆಗ್ಲಿ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಇನ್ನೊಂದು ಸಲಕ್ಕೆ ಯಾಕೋ ಹಸಿರು ಸೀರೆ ಉಟ್ಟಳು. ಸಂಶಯ ಪಡುವವರು ಸೀರೆ ಬದಲಿಸುವುದಿಲ್ಲ ಎಂದು ಅವಳಿಗೆ ಯಾರು ಹೇಳಬೇಕು?

* * *

ಆ ಇನ್ನೊಂದು ಸಲವೇ ಎಡವಟ್ಟಾಯಿತು.

ಸಿದ್ದಲಿಂಗ ಮಷೀನಿನ ಮುಚ್ಚಳ ತೆಗೆದು, ಕರಿ ಗುಂಡು ಪಕ್ಕದ ಮೇಜಿನ ಮೇಲಿಟ್ಟು ಧೂಳು ಒರೆಸುತ್ತಿದ್ದ. ಕರೆಂಟು ಹೋಯಿತು. ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದಿದ್ದಾರೆಂದು ಕರೆ ಬಂತು. “ಕರೆಂಟ್ ಬಂದ ಮ್ಯಾಲೆ ಗುಂಡು ಇಟ್ಟು ಹಚ್ಚಿಕೋರಿ” ಎಂದು ಹೇಳಿ ಓಡಿದ.

ಸಂಜೆ ಕರೆಂಟು ಬಂತು. ಗುಂಡು ಇರಲಿಲ್ಲ.

ಮೇಜಿನ ಕೆಳಗೆ, ಹಾಸಿಗೆಯ ಕೆಳಗೆ, ಕಸದ ಬುಟ್ಟಿಯಲ್ಲಿ... ಎಲ್ಲೂ ಇಲ್ಲ. ಅಪ್ಪ ಹಾಸಿಗೆಯಿಂದ ಇಳಿಯುವವನಲ್ಲ. ಉಳಿದವಳು ಅಜ್ಜಿ ಸುಂದರವ್ವ. ಕಣ್ಣಿಗೆ ಪೊರೆ ಬಂದು ಮನುಷ್ಯರನ್ನು ದನಿಯಿಂದ ಗುರುತಿಸುವ ಮುದುಕಿ.

“ಆಯಿ, ಮಷೀನಿನ ಸಾಮಾನು ಏನರ ತಗದೇನು?”

“ಮಷೀನಿನ ಸಾಮಾನು ನಾ ಯಾಕ ಮುಟ್ಟಲೆವ್ವ? ಶಾಕ್ ಹೊಡಸ್ಕೊಂಡು ಸಾಯಲೇನು?”

ಹಾಗಾದರೆ ಉಳಿದವನು ಒಬ್ಬನೇ. ಕೇಬಲ್ ಸಡಿಲಿಸಿದ ಕೈ!

ಅಂಗಡಿಗೆ ಹೋಗಿ ಕೌಂಟರಿನ ಮುಂದೆ ನಿಂತಳು. “ಗುಂಡು ಒಯ್ದೀರಿ. ಕೊಡ್ರಿ.”

“ಅಲ್ಲೇ ಮೇಜಿನ ಮ್ಯಾಲೆ ಇಟ್ಟಿದ್ನೆಲ್ರಿ! ಚಂದಗ ಹುಡುಕಿರೇನು?” ಅವನು ನಿಜವಾಗಿ ಗಾಬರಿಯಾದ. “ಇರ್ಲಿ, ಕಾಕಾರ ಹಾಡು ನಿಲ್ಲಬಾರದು. ಮುಂಬೈಗೆ ಫೋನ್ ಮಾಡಿ ಇನ್ನೊಂದು ತರಸ್ತೇನಿ. ರೊಕ್ಕ ಬ್ಯಾಡ.”

“ಒಯ್ದದ್ದನ್ನ ತಂದು ಕೊಡಾಕ ರೊಕ್ಕ ಯಾಕ ಬೇಕಾಗ್ತೈತಿ ಬಿಡ್ರಿ!”

ಅವನ ಮುಖ ಸಣ್ಣದಾಯಿತು. ಏನೋ ಹೇಳಲು ಬಾಯಿ ತೆರೆದ... ಹೇಳಲಿಲ್ಲ.

ಆ ಮೌನ ಅವಳಿಗೆ ಸಾಕಾಯಿತು. ‘ಇವನೂ ಅಂಥವನ!’ ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡಳು. ಗುಂಡು ಹೋದರೆ ಹೋಗಲಿ. ನಂಬಬೇಕು ಅನ್ನಿಸಿತ್ತಲ್ಲ... ಅದು ಉರಿಯುತ್ತಿತ್ತು.

ಅದೇ ರಾತ್ರಿ ಮುದ್ದೇಬಿಹಾಳದಿಂದ ಸೋದರಮಾವ ಮಲ್ಲಣ್ಣನ ಫೋನು. ಅಲ್ಲಿ ಹೊಸ ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದ.

“ಶೈಲಾ, ನಿಮ್ಮ ಊರಾಗ ಸಿದ್ದಲಿಂಗ ಅಂತ ಅದಾನಲ್ಲ, ಮಂಟಪದ ಮೈಕು, ಸ್ಪೀಕರ್ ಎಲ್ಲಾ ಅವಗ ಕೊಟ್ಟೇನಿ. ವೈರ್ ಎಳದಾನ. ನಿಮ್ಮನಿಗೂ ಮಷೀನ್ ಕೊಟ್ಟಾನಂತ. ಹುಡುಗ ಹೆಂಗ?”

ಒಂದು ಕ್ಷಣ... ಒಂದೇ ಕ್ಷಣ ತಡೆದಳು.

“ಅವನ ಕೈಯಾಗ ಏನೂ ಕೊಡಬ್ಯಾಡ್ರಿ ಮಾಮಾ. ಕೊಟ್ಟದ್ರಾಗ ಒಂದ ತುಣುಕು ಕಿಸೆದಾಗ ಹಾಕ್ಕೊಂಡ ಹೋಗ್ತಾನ.”

ಮಲ್ಲಣ್ಣನ ಸಿಟ್ಟು ಮುದ್ದೇಬಿಹಾಳದಲ್ಲೆಲ್ಲ ಹೆಸರುವಾಸಿ. ಮರುದಿನ ಕೆಲಸಗಾರರೆಲ್ಲರ ಎದುರಿಗೆ ಸಿದ್ದಲಿಂಗನನ್ನು ಕಳ್ಳ ಎಂದು ಕರೆದು ಹೊರಗೆ ಹಾಕಿದ. ಸುದ್ದಿ ನಿಡಗುಂದಿ ಬಸ್ಸು ಹತ್ತಿ ಸಂಜೆಯೊಳಗೆ ಬಾಗೇವಾಡಿಗೆ ಬಂತು. ಸಾಲಕ್ಕೆ ಮಾಲು ಕೊಡುತ್ತಿದ್ದ ವ್ಯಾಪಾರಿಗಳು ಕೈ ಎತ್ತಿದರು. ಅಂಗಡಿಯ ಬಾಗಿಲು ಅರ್ಧ ಮುಚ್ಚಿರುವುದನ್ನು ಶೈಲಶ್ರೀ ಶಾಲೆಗೆ ಹೋಗುವಾಗ ನೋಡಿದಳು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಮನೆಯಲ್ಲಿ ಅಪ್ಪ ಸದ್ದಿಲ್ಲದ ಸ್ಪೀಕರುಗಳನ್ನೇ ನೋಡುತ್ತ ಮಲಗಿರುತ್ತಿದ್ದ.

“ಆ ಹುಡುಗ ಕಳ್ಳ ಅಲ್ಲ ಬಿಡು ಶೈಲಾ...”

“ನಿಮಗ ಗೊತ್ತಿಲ್ಲಪ್ಪ!” ಅನ್ನುತ್ತಿದ್ದಳು. ಗೊತ್ತಿದ್ದದ್ದನ್ನು ಮಾತ್ರ ಆಗಲೂ ಹೇಳಲಿಲ್ಲ.

* * *

ಹತ್ತಾರು ದಿನ ಹೀಗೇ ಹೋಯಿತು. ಒಂದು ಸೋಮವಾರ ಅಜ್ಜಿಗೆ ಜ್ವರ.

“ಶೈಲಾ, ಇವತ್ತೊಂದಿನ ಜಗಲಿ ಪೂಜಾ ನೀನ ಮಾಡವ್ವ. ಮೂಲ್ಯಾಗ ಬಿಳಿ ವಸ್ತ್ರದಾಗ ಒಂದು ಲಿಂಗ ಐತಿ. ಅದಕ್ಕೂ ಇಬತ್ತಿ ಹಚ್ಚು, ಮರೀಬ್ಯಾಡ.”

ದೇವರ ಜಗಲಿಯ ಮುಂದೆ ಕುಳಿತು ಶೈಲಶ್ರೀ ಬಿಳಿ ವಸ್ತ್ರ ಬಿಚ್ಚಿದಳು.

ಒಳಗೆ ಕರಿ ಗುಂಡು! ಮೈತುಂಬ ವಿಭೂತಿ, ಮೇಲೊಂದು ಬಾಡಿದ ಹೂವು.

“ಆಯಿ... ಇದು... ಇದು ಯಾರ ಲಿಂಗ?”

ಸುಂದರವ್ವ ಬಾಗಿಲ ಕಡೆ ಒಮ್ಮೆ ಕಿವಿಗೊಟ್ಟು, ದನಿ ತಗ್ಗಿಸಿದಳು.

“ಆ ಹುಡುಗಂದು. ಬಗ್ಗಿ ಮಷೀನ್ ಒರಸಾಕತ್ತಿದ್ನಲ್ಲ, ಕೊರಳಾಗಿಂದು ಕಳಚಿ ಬಿದ್ದಿರಬೇಕು. ಮೇಜಿನ ಮ್ಯಾಲೆ ಕೈ ಆಡಿಸಿದ್ರ ಸಿಕ್ತು. ಲಿಂಗ ಕಳಕೊಂಡಾನಂದ್ರ ಮಂದಿ ಸುಮ್ನಿರ್ತಾರೇನ? ಆಡಿಕೊಳ್ತಾರ. ಪಾಪ, ಅವನ ಮರ್ಯಾದಿ ಹೋಗಬಾರದಂತ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಬಂದಾಗ ಸುಮ್ಮ ಕೈಯಾಗ ಇಡಬೇಕಂತ ಕಾಯಾಕತ್ತೇನಿ... ಅವ ಬರವಲ್ಲ.”

ಶೈಲಶ್ರೀ ಗೋಡೆಗೆ ಒರಗಿದಳು.

ಕಣ್ಣು ಕಾಣದ ಮುದುಕಿ ಅವನ ಮರ್ಯಾದೆಯನ್ನು ದಿನಾ ಪೂಜೆ ಮಾಡಿ ಕಾಪಾಡಿದ್ದಳು. ಕಣ್ಣಿದ್ದ ತಾನು ಅದನ್ನು ನಾಲ್ಕು ಜನರ ನಡುವೆ ಬೀದಿಗೆಸೆದಿದ್ದೆ ಅನ್ನಿಸಿ ಅವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದಳು.

ಸುಂದರವ್ವ, “ಹಂಗಾರ ಇಷ್ಟ ದಿನ ನಾ ಮಷೀನಿಗೆ ಪೂಜಾ ಮಾಡಿದ್ನೇನ!” ಎಂದು ಬೊಚ್ಚುಬಾಯಿ ತೆರೆದು ನಕ್ಕಳು. “ಇರ್ಲಿ ಬಿಡು. ಮುಟ್ಟೂ ಕಡೆ ಮುಟ್ಟಿರತೈತಿ. ನೀ ಎದ್ದು ಹೋಗು ಮೊದಲ. ಅಳೂದು ದಾರ್ಯಾಗ ಅಳಾಕ ಬರ್ತೈತಿ.”

ಅಂಗಡಿಗೆ ಬೀಗ. ಪಕ್ಕದ ಪಾನ್ ಅಂಗಡಿಯ ದಾವಲಮಲಿಕ ಹೇಳಿದ, “ಮುದ್ದೇಬಿಹಾಳದಾಗಿನ ತನ್ನ ವೈರ್ ಬಿಚ್ಚಿಕೊಂಡು ಬರಾಕ ಹೋಗ್ಯಾನ್ರಿ. ನಾಳೆ ಅಂಗಡಿ ಖಾಲಿ ಮಾಡಿ ಊರಿಗೆ ಹೊಂಟಾನ.”

ನಾಳೆ!

“ಮಾಮಾಗ ಫೋನ್ ಮಾಡಿದ್ರ ಸಾಕಲ್ಲವ್ವ?” ಅವಳು ಮನೆಗೆ ಓಡಿ ಬಂದು ಹೇಳಿದಾಗ ಅಪ್ಪ ಕೇಳಿದ.

“ಇಲ್ಲಪ್ಪ. ಮಂದ್ಯಾಗ ಮರ್ಯಾದಿ ತಗದೇನಿ. ಮಂದ್ಯಾಗನ ವಾಪಸ್ ಕೊಡಬೇಕು.”

* * *

ಕಲ್ಯಾಣ ಮಂಟಪದಲ್ಲಿ ಸುಣ್ಣ ಹೊಡೆಯುವವರು, ಬಡಿಗರು, ನೆಲಕ್ಕೆ ಫರಸಿ ಕಲ್ಲು ಕೂರಿಸುವವರು ಎಲ್ಲರೂ ಇದ್ದರು. ಸಿದ್ದಲಿಂಗ ಏಣಿಯ ಕೆಳಗೆ ಕುಳಿತು ವೈರ್ ಸುತ್ತುತ್ತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ತಲೆ ತಗ್ಗಿಸಿದ.

ಮಲ್ಲಣ್ಣ ಎದುರು ಬಂದ. “ಅರೇ ಶೈಲಾ! ಒಬ್ಬಾಕೀನ ಬಂದೇನು?”

“ಮಾಮಾ, ಎಲ್ಲಾರೂ ಕೇಳ್ಲಿ ಅಂತ ಬಂದೇನಿ.” ಸುತ್ತಿಗೆಗಳು ನಿಂತವು. “ಇವರು ಕಳ್ಳರಲ್ಲ. ನಮ್ಮ ಸಾಮಾನು ನಮ್ಮ ಮನ್ಯಾಗ ಇತ್ತು. ಹುಡುಕದ, ವಿಚಾರ ಮಾಡದ ನಾ ಸುಳ್ಳು ಆರೋಪ ಹೊರಿಸಿದೆ. ತಪ್ಪು ನಂದು. ಬೈಯೂದಿದ್ರ ನನಗ ಬೈರಿ.”

ಕರಿ ಗುಂಡು ಎಲ್ಲಿತ್ತು ಅನ್ನುವುದನ್ನೂ ಹೇಳಿದಳು. ಬಡಿಗನೊಬ್ಬ ಕಿಸಕ್ಕನೆ ನಕ್ಕ. ಮಲ್ಲಣ್ಣನ ಸಿಟ್ಟು ಬಂದಷ್ಟೇ ಬೇಗ ಇಳಿಯುವಂಥದ್ದು.

“ತಮ್ಮಾ, ನಂದೂ ತಪ್ಪಾತಪ್ಪ. ಆಕೀ ಮಾತು ಕೇಳಿ ಬಾಯಿಗೆ ಬಂದಂಗ ಅಂದೆ. ಮನಸಿನಾಗ ಇಟಗೋಬ್ಯಾಡ. ವೈರ್ ಮತ್ತ ಏರಿಸು.”

“ಆತ್ರಿ” ಎಂದಷ್ಟೇ ಹೇಳಿ ಸಿದ್ದಲಿಂಗ ಹಿಂದಿನ ಅಂಗಳಕ್ಕೆ ನಡೆದ. ಶೈಲಶ್ರೀ ಹಿಂದೆಯೇ ಹೋದಳು.

“ಸಿಟ್ಟು ಇಳೀಲಿಲ್ಲೇನ್ರಿ?”

“ಸಿಟ್ಟು ಇಲ್ರಿ ಟೀಚರ್.” ಅವನು ನೆಲ ನೋಡುತ್ತ ನಿಂತ. “ನೀವು ಅಷ್ಟು ಮಂದ್ಯಾಗ ನನ್ನ ಪರವಾಗಿ ಮಾತಾಡಿದ್ರೆಲ್ಲ... ಎದ್ಯಾಗ ಚುಚ್ಚಿಧಂಗ ಆತು. ಯಾಕಂದ್ರ ನೀವು ಪೂರಾ ತಪ್ಪು ಮಾಡಿಲ್ಲ. ಗುಂಡು ನಾ ಒಯ್ದಿಲ್ಲ, ಖರೇ. ಆದ್ರ ಆ ಕೇಬಲ್... ಮೊದಲನೇ ದಿನದಿಂದ ನಾನ ಸಡ್ಲ ಮಾಡಿ ಹೋಗ್ತಿದ್ದೆ.”

ಕೆಲಸ ವಾಪಸ್ ಸಿಕ್ಕಿದೆ, ಹೆಸರು ವಾಪಸ್ ಸಿಕ್ಕಿದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ!

“ಈಗ ಯಾಕ ಹೇಳಿದ್ರಿ?”

“ಅವತ್ತ ಅಂಗಡ್ಯಾಗ ಹೇಳೂದಿತ್ತು, ಧೈರ್ಯ ಆಗಲಿಲ್ಲ. ಇವತ್ತೂ ಹೇಳಲಿಲ್ಲಂದ್ರ ನಿಮ್ಮ ಮಾತಿಗೆ ಮೋಸ ಮಾಡಿಧಂಗ. ಬೈರಿ. ಬೇಕಾದ್ರ ಮಲ್ಲಣ್ಣಾರಿಗೂ ಹೇಳ್ರಿ.”

ಎರಡು ವರ್ಷದಿಂದ ಎದೆಯಲ್ಲಿ ಗಂಟಾಗಿ ಕುಳಿತಿದ್ದದ್ದು ಆ ಕ್ಷಣ ಕರಗಿ ಕಣ್ಣಿಗೆ ಬಂತು. ಯಾರೂ ಹಿಡಿಯುವ ಮೊದಲೇ ತಾನಾಗಿ ಒಪ್ಪಿಕೊಳ್ಳುವ ಗಂಡಸಿಗಾಗಿ ಅವಳು ಇಷ್ಟು ದಿನ ಕಾದಿದ್ದಳು. ಕಾದಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

“ನನಗ ಗೊತ್ತಿತ್ತು” ಅಂದಳು ಮೆಲ್ಲಗೆ. “ಕಪಾಟಿನ ಗಾಜಿನಾಗ ನೋಡಿದ್ದೆ.”

ಅವನು ಬೆಚ್ಚಿಬಿದ್ದ. “ನೋಡಿದ್ರಿ?! ಮತ್ತ... ಕಾಕಾರಿಗೆ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಬರೂದು ನಿಲ್ತಿತ್ತಲ್ಲ...”

ಅಂದ ಮೇಲೆ ಅವಳ ಮುಖ ಕೆಂಪಾಯಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಒಳಗೆ ಸುತ್ತಿಗೆಗಳ ಸದ್ದು ಮತ್ತೆ ಶುರುವಾಗಿತ್ತು. ಅವರಿಬ್ಬರಿಗೂ ಅದು ಕೇಳಿಸಲಿಲ್ಲ.

ಆಮೇಲೆ ಅವನೇ ಮಾತು ತೆಗೆದ. “ನಮ್ಮ ಮನಿತನ ಎಂಥಾದ್ದು ಅಂತ ಅಗರಖೇಡಕ್ಕ ಹೋಗಿ ಯಾರನ್ನ ಬೇಕಾದ್ರೂ ಕೇಳ್ರಿ. ಇಂಡ್ಯಾಗೂ ಕೇಳ್ರಿ.”

“ಯಾರನ್ನೂ ಕೇಳೂದಿಲ್ಲ. ನಿಮ್ಮನ್ನ ಕೇಳ್ತೇನಿ. ನೀವ ಹೇಳ್ರಿ.”

“ನಾನ?” ಅವನು ತಲೆ ಕೆರೆದುಕೊಂಡ. “ಮನಿ ಸಣ್ಣದು. ಮಣ್ಣಿನ ಮಾಳಗಿ, ಮಳಿ ಬಂದ್ರ ಅಡಗಿ ಮನ್ಯಾಗ ಸೋರತೈತಿ. ಹೊಲ ಇಬ್ರು ಅಣ್ಣಂದಿರ ಪಾಲಿಗೆ ಹೋಗೈತಿ. ಅವ್ವನ ಬಾಯಿ ಜೋರು, ಮನಸು ಮೆತ್ತಗ.”

“ಮತ್ತ?”

“ನನಗ ಮುಂಜಾನಿ ಬ್ಯಾಗ ಏಳಾಕ ಆಗೂದಿಲ್ಲ.”

“ಮತ್ತ?”

“ಮತ್ತ...” ಅವನು ಮೊದಲ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. “ನಿಮ್ಮ ಮ್ಯಾಲೆ ಜೀವ ಐತಿ.”

ಶೈಲಶ್ರೀ ಅಳುತ್ತ ನಕ್ಕಳು. “ಅದನ್ನ ಮೊದಲ ಹೇಳಬೇಕಲ್ರಿ!”